ಒಂದು ತಟ್ಟಿದರೆ ನಗು

ನಾಟಕ ನೋಡಿಕೊಂಡು ಮನೆಗೆ ಬರುವಾಗ ಆ ಮನೆಯವರು ಎಂದೂ ಬಾಯಿ ಮುಚ್ಚಿಕೊಂಡು ಬಂದವರಲ್ಲ. ಬಸ್ಸಿನಲ್ಲಿ ಒಬ್ಬರ ಮಾತಿನ ಮೇಲೆ ಇನ್ನೊಬ್ಬರು ಬಿದ್ದು, ರಾಜ ಮಾಡಿದ್ದು ಸರಿಯೋ ಮಂತ್ರಿ ಮಾಡಿದ್ದು ಸರಿಯೋ ಎಂದು ವಾದವಾಗಿ, ಮುಂದಿನ ಸೀಟಿನವರಿಗೆಲ್ಲ ಕಥೆ ಬಾಯಿಪಾಠವಾಗಿಬಿಡುತ್ತಿತ್ತು. ಆದರೆ ಆ ಭಾನುವಾರ ಮಧ್ಯಾಹ್ನದ ಆಟ ಮುಗಿಸಿ ಬಂದ ನಾಲ್ವರೂ ತುಟಿ ಪಿಟಕ್ಕೆನ್ನಲಿಲ್ಲ. ಮಾವ ಒಂದು ಕಿಟಕಿಯಾಚೆ ನೋಡಿದರು, ಗಂಡ ಇನ್ನೊಂದು ಕಿಟಕಿಯಾಚೆ. ಸೊಸೆ ತೊಡೆಯ ಮೇಲೆ ಕೈಚೀಲ ಇಟ್ಟುಕೊಂಡು ಅದರ ಜಿಪ್ಪನ್ನು ಎಳೆಯುವುದು ಮುಚ್ಚುವುದು ಮಾಡುತ್ತಿದ್ದಳು. ಹತ್ತು ವರ್ಷದ ಮಗಳು ಮಾತ್ರ ಒಮ್ಮೆ ತಾತನ ಮುಖ, ಒಮ್ಮೆ ಅಪ್ಪನ ಮುಖ ನೋಡುತ್ತಾ ಬಂದಳು.

ಆ ಹುಡುಗಿಗೆ ತಾತ ಇಟ್ಟಿದ್ದ ಹೆಸರು ಟೆಲಿಗ್ರಾಂ. ಅಡುಗೆಮನೆಯಲ್ಲಿ ಪಿಸುಗುಟ್ಟಿದ್ದು ಬೀದಿಯ ತುದಿ ಮುಟ್ಟಲು ಅವಳೊಬ್ಬಳಿದ್ದರೆ ಸಾಕು ಎಂದು ಮನೆಯವರೆಲ್ಲ ಒಪ್ಪಿಕೊಂಡಿದ್ದರು.

ಮನೆಗೆ ಬಂದು ಊಟಕ್ಕೆ ಕೂತ ಮೇಲೆ ಗಂಡ ತಡೆದುಕೊಳ್ಳಲಿಲ್ಲ.

"ಅಪ್ಪ, ಒಂದು ಮಾತು ಕೇಳ್ತೀನಿ. ಅಲ್ಲಿ ನಗೋದಕ್ಕೆ ಏನಿತ್ತು?"

ಎದುರಿಗೆ ಕೂತಿದ್ದ ಮಾವ ಚಮಚ ಎತ್ತಿದವರು ಹಾಗೇ ನಿಲ್ಲಿಸಿದರು. "ನಗು ಬಂತು. ನಕ್ಕೆ."

"ಮಗ ಸತ್ತೋಗಿದ್ದಾನೆ. ಅವನ ಒಂದೇ ಒಂದು ಬೂಟು ಮನೆಗೆ ಬಂದಿದೆ. ಆ ತಾಯಿ ಅದನ್ನ ಕಾಲಿಗೆ ಹಾಕ್ಕೊಂಡು ಕುಂಟ್ತಾ ಮನೆಯೆಲ್ಲ ಓಡಾಡ್ತಿದ್ದಾಳೆ. ಇಡೀ ಹಾಲು ಮೂಗು ಒರೆಸ್ಕೋತಿದೆ. ನೀವೊಬ್ರು ಹೋ ಹೋ ಅಂತ! ಪಕ್ಕದಲ್ಲಿ ನಮ್ಮ ಸಾಹೇಬ್ರು, ಅವರ ಹೆಂಡ್ತಿ. ಟಿಕೆಟ್ ಕೊಟ್ಟೋರೇ ಅವರು. ನಾಳೆ ನಾನು ಯಾವ ಮುಖ ಇಟ್ಕೊಂಡು ಕೆಲಸಕ್ಕೆ ಹೋಗ್ಲಿ?"

"ಇರೋ ಮುಖಾನೇ ಇಟ್ಕೊಂಡು ಹೋಗು."

ಟೆಲಿಗ್ರಾಂಗೆ ನಗು ಉಕ್ಕಿತು. ಸೊಸೆ ಮೇಜಿನ ಕೆಳಗೆ ಅವಳ ಕಾಲು ಒತ್ತಿದಳು.

"ಎಲ್ಲಾ ತಮಾಷೆ ನಿಮಗೆ," ಗಂಡ ತಟ್ಟೆ ದೂರ ಸರಿಸಿದ. "ಅಮ್ಮ ಹೋದ್ಮೇಲೆ ನೀವು ಕಲ್ಲಾಗಿದ್ದೀರ. ಯಾರು ಅತ್ರೂ ನಿಮಗೇನೂ ಅನ್ಸಲ್ಲ. ಇನ್ನು ಸಾಯೋವರೆಗೂ ನಿಮ್ಮನ್ನ ನಾಲ್ಕು ಜನರ ಮಧ್ಯೆ ಕರ್ಕೊಂಡು ಹೋಗಲ್ಲ."

"ರೀ, ಸಾಕು ಬಿಡ್ರಿ," ಎಂದಳು ಸೊಸೆ.

ಮಾವ ಚಮಚ ಕೆಳಗಿಟ್ಟರು. "ಬೇಡ. ನಾನೂ ಆ ನಾಟಕಮಂದಿರದ ಮೆಟ್ಟಿಲು ಇನ್ನು ತುಳಿಯಲ್ಲ. ಬರಲ್ಲ ಬರಲ್ಲ ಅಂತ ಮೂರು ಸಲ ಹೇಳಿದ್ದೆ. ಎಳ್ಕೊಂಡು ಹೋದವರು ನೀವು."

ಅದು ನಿಜ. ಅವರು ಮೂರು ಸಲ ಬೇಡವೆಂದಿದ್ದರು. ಅದೇ ಸೊಸೆಗೆ ಅರ್ಥವಾಗದ ವಿಷಯ. ನಾಟಕವೆಂದರೆ ಜ್ವರವಿದ್ದರೂ ಎದ್ದು ಹೊರಡುವ ಮನುಷ್ಯ ಅವರು.

ಮೂವತ್ತೆಂಟು ವರ್ಷ ಒಂದೇ ಅಚ್ಚುಕೂಟದಲ್ಲಿ ಮೊಳೆ ಜೋಡಿಸಿದವರು ಮಾವ. ಒಂದೊಂದೇ ಸೀಸದ ಅಕ್ಷರವನ್ನು ಹೆಕ್ಕಿ, ತಿರುಗುಮುರುಗಾಗಿ ಸಾಲು ಕಟ್ಟುವ ಕೆಲಸ. ನಾಟಕಮಂದಿರದ ಕರಪತ್ರ, ಟಿಕೆಟ್ಟು ಎಲ್ಲ ಅಲ್ಲೇ ಅಚ್ಚಾಗುತ್ತಿದ್ದುದರಿಂದ ಪ್ರತಿ ಹೊಸ ನಾಟಕಕ್ಕೂ ಎರಡನೇ ಸಾಲಿನ ಎರಡು ಪಾಸು ಅವರಿಗೆ ಬರುತ್ತಿತ್ತು. ನಿವೃತ್ತರಾದ ಮೇಲೂ ಅಲ್ಲಿಯ ಆಫೀಸಿನವರು ಆ ಎರಡು ಕುರ್ಚಿಯನ್ನು ತಪ್ಪಿಸಿರಲಿಲ್ಲ. ಮಾವ, ಅತ್ತೆ ಎರಡನೇ ಸಾಲಿನಲ್ಲಿ. ಉಳಿದವರು ಹೋದರೆ ಟಿಕೆಟ್ ಕೊಂಡು ಹಿಂದೆಲ್ಲೋ.

ಸೊಸೆ ಈ ಮನೆಗೆ ಬಂದ ಮೊದಲ ವಾರ ತವರು ನೆನೆದು ಬಚ್ಚಲುಮನೆಯಲ್ಲಿ ನಲ್ಲಿ ಬಿಟ್ಟುಕೊಂಡು ಅಳುತ್ತಿದ್ದಳು. ನೀರು ಅಷ್ಟು ಹೊತ್ತು ಸುರಿಯುತ್ತಿದ್ದುದನ್ನು ಮಾವ ಗಮನಿಸಿದ್ದರೇನೋ. ಭಾನುವಾರ ಅತ್ತೆಯ ಪಾಸನ್ನು ಅವಳ ಕೈಗಿಟ್ಟು, "ನಡಿ ಮಗು, ನಿನಗಿಂತ ಹೆಚ್ಚು ಅಳೋರನ್ನ ತೋರಿಸ್ತೀನಿ," ಎಂದಿದ್ದರು. ಅವತ್ತು ಅರ್ಧ ಆಟದಲ್ಲಿ ಕರೆಂಟು ಹೋಯಿತು. ಯಾರೂ ಏಳಲಿಲ್ಲ. ಕರೆಂಟು ಹೋಗುವುದು ಮಾಮೂಲಾಗಿದ್ದರಿಂದ ಮುಂದಿನ ಸಾಲುಗಳವರು ಜೊತೆಗೆ ತಂದಿದ್ದ ಟಾರ್ಚುಗಳನ್ನು ರಂಗದ ಕಡೆ ಹಿಡಿದರು. ಯಾವ ಪಾತ್ರ ಮಾತಾಡುತ್ತದೋ ಅದರ ಮುಖಕ್ಕೆ ಬೆಳಕು ಓಡುತ್ತಿತ್ತು. ಮಾವ ತಮ್ಮ ಟಾರ್ಚನ್ನು ಸೊಸೆಗೆ ಕೊಟ್ಟು, "ಆ ಮುದುಕಿ ನಿನ್ನ ಪಾಲಿಗೆ. ಅವಳನ್ನ ಕತ್ತಲಲ್ಲಿ ಬಿಡಬೇಡ," ಎಂದಿದ್ದರು. ಆ ಮುದುಕಿಯನ್ನು ಹಿಂಬಾಲಿಸುವ ಗಡಿಬಿಡಿಯಲ್ಲಿ ತವರಿನ ನೆನಪು ಎಲ್ಲಿ ಹೋಯಿತೋ. ಹದಿಮೂರು ವರ್ಷವಾದರೂ ಆ ಮಧ್ಯಾಹ್ನ ಅವಳ ಮನಸ್ಸಿನಲ್ಲಿ ಬೆಚ್ಚಗೆ ಕೂತಿತ್ತು.

ಅಂಥವರು ಅತ್ತೆ ತೀರಿಕೊಂಡ ಮೇಲೆ ಹದಿನಾಲ್ಕು ತಿಂಗಳು ಪಾಸು ತರಲು ಹೋಗಲೇ ಇಲ್ಲ. ದುಃಖಕ್ಕೆ ಹೀಗೆ ಮಾಡುತ್ತಾರೆ ಎಂದು ಎಲ್ಲರೂ ತಿಳಿದಿದ್ದರು.

*

ಆಮೇಲಿನ ಮೂರು ವಾರ ಮನೆಯಲ್ಲಿ ತಂದೆ ಮಗನ ನಡುವೆ ಮಾತು ನಿಂತುಹೋಯಿತು. ಟೆಲಿಗ್ರಾಂಗೆ ಮಾತ್ರ ಬಿಡುವಿಲ್ಲದ ಕೆಲಸ.

"ನಿಮ್ಮ ತಾತಂಗೆ ಹೇಳು, ಪೆನ್ಷನ್ ಆಫೀಸಿಂದ ಕಾಗದ ಬಂದಿದೆ."

"ನಿಮ್ಮಪ್ಪಂಗೆ ಹೇಳು, ಓದಾಯ್ತು."

"ನಿಮ್ಮ ತಾತಂಗೆ ಹೇಳು, ಓದಿದ್ರೆ ಸಾಲ್ದು, ಸಹಿ ಮಾಡ್ಬೇಕು."

ಒಂದು ದಿನ ಅವಳು ಸೊಂಟದ ಮೇಲೆ ಕೈಯಿಟ್ಟು ನಿಂತಳು. "ನೋಡಿ, ಇಬ್ರೂ ಒಂದೇ ಮೇಜಿನ ಮುಂದೆ ಕೂತಿದ್ದೀರ. ಟೆಲಿಗ್ರಾಂ ಆಫೀಸಿಗೆ ಇವತ್ತು ರಜ."

ಮಾರನೆಯ ದಿನದಿಂದ ಮಾವ ಎಲ್ಲರಿಗಿಂತ ಒಂದು ಗಂಟೆ ಮುಂಚೆ ಉಂಡು, ತಟ್ಟೆ ತಾವೇ ತೊಳೆದಿಟ್ಟು, ಕಿಟಕಿಯ ಪಕ್ಕದ ಕುರ್ಚಿಗೆ ಹೋಗಿ ಕೂರತೊಡಗಿದರು. ಬೆಳಿಗ್ಗೆ ಮೊಮ್ಮಗಳ ಕೈಹಿಡಿದು ಶಾಲೆಗೆ ಬಿಟ್ಟು ಬರುವುದೊಂದೇ ಅವರ ಮುಖದಲ್ಲಿ ಗೆಲುವು ಕಾಣುವ ಹೊತ್ತು. ಅದಕ್ಕೆಂದೇ ಬೂಟಿಗೆ ಪಾಲಿಶ್ ಹಾಕುತ್ತಿದ್ದರು.

ಸೊಸೆ ಮನೆಯ ಮುಂದಿನ ಕೋಣೆಯಲ್ಲಿ ಹೊಲಿಗೆ ಕೆಲಸ ಮಾಡುತ್ತಿದ್ದಳು. ಶಾಲೆಯ ಸಮವಸ್ತ್ರ, ಕಿಟಕಿಯ ಪರದೆ, ಸಣ್ಣಗಾದ ಕೋಟನ್ನು ದೊಡ್ಡದು ಮಾಡುವುದು, ದೊಡ್ಡದನ್ನು ಸಣ್ಣದು ಮಾಡುವುದು. ಮಾವ ಶಾಲೆಯಿಂದ ಹಿಂತಿರುಗಿದ ಮೇಲೆ ಅವಳೆದುರು ಸ್ಟೂಲು ಹಾಕಿಕೊಂಡು ಗುಂಡಿ ಹಚ್ಚಿ ಕೊಡುತ್ತಿದ್ದರು. ಮೊಳೆ ಜೋಡಿಸಿ ಪಳಗಿದ ಬೆರಳು. ಗುಂಡಿಗಳು ಸಾಲು ತಪ್ಪುತ್ತಿರಲಿಲ್ಲ.

ಆ ದಿನ ಅವಳು ಒಂದು ಉದ್ದನೆಯ ಪರದೆಗೆ ಅಂಚು ಮಡಿಸುತ್ತಿದ್ದಳು. ಬಾಯಲ್ಲಿ ಐದಾರು ಗುಂಡುಸೂಜಿ ಕಚ್ಚಿಕೊಂಡಿದ್ದಳು. "ಮಾವ, ಆ ಕತ್ತರಿ ಕೊಡಿ," ಎಂದಳು, ಸೂಜಿಗಳ ನಡುವಿನಿಂದಲೇ. ಅವರು ತಮ್ಮ ಪಾಡಿಗೆ ಗುಂಡಿ ಹಚ್ಚುತ್ತಿದ್ದರು. ಇನ್ನೊಮ್ಮೆ ಜೋರಾಗಿ ಕೇಳಿದಳು. ತಲೆ ಎತ್ತಿ ಅವಳ ಮುಖ ನೋಡಿ, ಸುಮ್ಮನೆ ನಕ್ಕು, "ಹೌದೌದು, ಸೆಖೆ ಜಾಸ್ತಿ," ಎಂದರು.

ಸೊಸೆ ಸೂಜಿಗಳನ್ನು ಒಂದೊಂದಾಗಿ ಬಾಯಿಂದ ತೆಗೆದು ದಿಂಬಿಗೆ ಚುಚ್ಚಿದಳು. ಮಿಷನ್ನಿನ ಮೋಟಾರು ಹಾಕಿ, ಖಾಲಿ ಬಟ್ಟೆಯ ಮೇಲೆ ಗಡಗಡ ಓಡಿಸಿದಳು. ಆ ಸದ್ದಿನಲ್ಲಿ ಗಂಡನೊಡನೆ ಮಾತಾಡಬೇಕಾದರೆ ಗಂಟಲು ಹರಿಯುವಂತೆ ಕೂಗಬೇಕು. ಅವಳು ಕೂಗಲಿಲ್ಲ, ಮೆಲ್ಲಗೆ, ತನಗೇ ಕೇಳಿಸದಷ್ಟು ಮೆಲ್ಲಗೆ ತುಟಿಯಾಡಿಸಿದಳು: "ಮಾವ, ಚಹಾ ಕುಡೀತೀರಾ?"

"ಕುಡಿಯೋಣ. ಸಕ್ಕರೆ ಕಮ್ಮಿ ಹಾಕು," ಎಂದರು ಮಾವ.

ಅವಳು ಮಿಷನ್ನು ನಿಲ್ಲಿಸಿದಳು. ಫೋನು ಬಂದರೆ "ನೀನೇ ಮಾತಾಡಮ್ಮ" ಎಂದು ಕೈಗೆ ಕೊಡುತ್ತಿದ್ದುದು, ಎಲ್ಲರೂ ಒಟ್ಟಿಗೆ ಮಾತಾಡುವಾಗ ಎದ್ದು ಹೋಗುತ್ತಿದ್ದುದು, ಕಥೆ ಹೇಳುವಾಗ ಯಾರಿಗೂ ನಡುವೆ ಬಾಯಿ ಹಾಕಲು ಬಿಡದೆ ತಾವೇ ಹೇಳಿ ಮುಗಿಸುತ್ತಿದ್ದುದು ಎಲ್ಲ ಒಂದರ ಹಿಂದೊಂದು ನೆನಪಾಯಿತು.

ತನ್ನ ಕುರ್ಚಿಯನ್ನು ಅವರ ಹತ್ತಿರಕ್ಕೆ ಎಳೆದುಕೊಂಡು ಅವರ ಕಣ್ಣಿಗೆ ಕಣ್ಣು ಕೊಟ್ಟು ಕೇಳಿದಳು. "ಎಷ್ಟು ವರ್ಷ ಆಯ್ತು ಮಾವ?"

"ಯಾವುದು?"

"ಕಿವಿ ಕೇಳಿಸ್ದೆ."

ಮಾವ ಕೈಯಲ್ಲಿದ್ದ ಗುಂಡಿಯನ್ನು ತಿರುಗಿಸಿ ತಿರುಗಿಸಿ ನೋಡಿದರು. ಆಮೇಲೆ ಸೋತವರಂತೆ ಅಲ್ಲ, ಭಾರವೊಂದನ್ನು ಕೆಳಗಿಳಿಸಿ ನಿಂತವರಂತೆ ಉಸಿರು ಬಿಟ್ಟರು.

"ಆರು ಮುಗೀತು. ಆ ಅಚ್ಚಿನ ಮಿಷನ್ನಿನ ಪಕ್ಕ ಅಷ್ಟು ವರ್ಷ ನಿಂತಿದ್ದೆ ನೋಡು, ನನ್ನ ಪೆನ್ಷನ್ನಿನ ಜೊತೆ ಅದೂ ಒಂದು ಬಹುಮಾನ. ಹತ್ತಿರ ಕೂತು ಮುಖ ಕಂಡ್ರೆ ಮಾತು ಓದ್ಬಿಡ್ತೀನಿ. ಉಲ್ಟಾ ಅಕ್ಷರ ಓದಿದ ಕಣ್ಣಿದು. ತುಟಿ ಏನು ಮಹಾ."

"ಯಾರಿಗೂ ಗೊತ್ತಿಲ್ವಾ?"

"ನಿಮ್ಮತ್ತೆಗೆ ಗೊತ್ತಿತ್ತು." ಅವರು ತಮ್ಮ ಮೊಣಕಾಲಿನ ಮೇಲೆ ಬೆರಳಿಟ್ಟು ತೋರಿಸಿದರು. "ನಾಟಕದಲ್ಲಿ ಕೂತಾಗ ಇಲ್ಲಿ ತಟ್ಟೋಳು. ಒಂದು ತಟ್ಟಿದ್ರೆ ನಗು. ಎರಡು ತಟ್ಟಿದ್ರೆ ಸುಮ್ನಿರು, ಅಳೋ ಜಾಗ. ಎರಡನೇ ಸಾಲಲ್ಲಿ ಕೂತು ಮುಖ ನೋಡ್ತಿದ್ದೆ, ತಪ್ಪಿದ್ದನ್ನ ಅವಳು ತುಂಬೋಳು. ಒಂದು ನಾಟಕ ತಪ್ಪಿಸಿಲ್ಲ ಗೊತ್ತಾ ನಾವು. ಅವತ್ತು ಹದಿನೆಂಟನೇ ಸಾಲು. ಮುಖ ಇಷ್ಟಿಷ್ಟೇ ಕಾಣ್ತಿತ್ತು. ದಪ್ಪ ಹೆಂಗಸು, ಒಂದೇ ಕಾಲಿಗೆ ದೊಡ್ಡ ಬೂಟು, ಕುಂಟ್ಕೊಂಡು ಮಂಚದ ಕೆಳಗೆಲ್ಲ ಬಗ್ಗಿ ನೋಡ್ತಾಳೆ. ನಗೋ ಜಾಗ ಅಂದ್ಕೊಂಡೆ. ತಟ್ಟೋರು ಯಾರೂ ಇರ್ಲಿಲ್ಲ."

ಸೊಸೆ ಮುಂದಕ್ಕೆ ಬಾಗಿದಳು. "ಅವರಿಗೆ ಹೇಳಿಬಿಡೋಣ ಮಾವ. ಎಲ್ಲಾ ಸರಿಹೋಗುತ್ತೆ," ಎಂದಳು.

"ಬೇಡ!" ಮಾವನ ದನಿ ಒರಟಾಯಿತು. "ಅವನಿಗೆ ಗೊತ್ತಾದ್ರೆ ಮೊದಲು ಏನು ಮಾಡ್ತಾನೆ ಹೇಳು? ಕಿವುಡನ ಜೊತೆ ಮಗಳನ್ನ ರಸ್ತೆ ದಾಟಿಸಲ್ಲ ಅಂತಾನೆ. ಅವಳ ಕೈ ನನ್ನ ಕೈಯಿಂದ ಬಿಡಿಸ್ತಾನೆ. ನಾಟಕ ಹೋದ್ರೆ ಹೋಗ್ಲಿ. ಕಲ್ಲು ಅಂದ್ಕೊಂಡ್ರೂ ಅಂದ್ಕೊಳ್ಲಿ. ಅದೊಂದು ಮಾತ್ರ ಬೇಡ. ಮಾತು ಕೊಡು."

ಅವಳು ಮಾತು ಕೊಟ್ಟಳು. ಆದರೆ ಮಗನಿಗೆ ಬರುತ್ತದೆಂದು ಅವರು ಹೇಳಿದ ಭಯ ಈಗ ಅವಳದ್ದೂ ಆಗಿತ್ತು. ಆ ದೊಡ್ಡ ರಸ್ತೆ, ಲಾರಿಗಳು, ಹಿಂದಿನಿಂದ ಬರುವ ಸೈಕಲ್ಲುಗಳು.

ಸಂಜೆ ಮಗಳಿಗೆ ತಲೆ ಬಾಚುವಾಗ ನೇರವಾಗಿ ಕೇಳದೆ, "ಶಾಲೆಗೆ ಹೋಗುವಾಗ ತಾತನ ಕೈ ಗಟ್ಟಿಯಾಗಿ ಹಿಡ್ಕೋ, ಆಯ್ತಾ?" ಎಂದಳು.

"ಅಮ್ಮಾ," ಹುಡುಗಿ ಕನ್ನಡಿಯಲ್ಲಿ ತಾಯಿಯನ್ನು ನೋಡಿದಳು, "ನಾನೇ ತಾತನ್ನ ಕರ್ಕೊಂಡು ಹೋಗೋದು. ತಾತ ನನ್ನಲ್ಲ."

"ಅಂದ್ರೆ?"

"ಹಿಂದೆ ಗಾಡಿ ಬಂದ್ರೆ ಅಂಗಿ ತೋಳು ಎಳೀತೀನಿ. ತಾತಂಗೆ ಕೇಳ್ಸಲ್ಲ ಅಲ್ವಾ. ನನಗೆ ಗೊತ್ತಾಗಿ ಒಂದು ವರ್ಷ ಆಯ್ತು. ಗೊತ್ತಿಲ್ವಾ ನಿಂಗೆ?"

ಬಾಚಣಿಗೆ ಅರ್ಧದಲ್ಲೇ ನಿಂತಿತು. ಬೀದಿಯ ಸುದ್ದಿಯನ್ನೆಲ್ಲ ಮನೆಗೆ, ಮನೆಯ ಸುದ್ದಿಯನ್ನೆಲ್ಲ ಬೀದಿಗೆ ಮುಟ್ಟಿಸಿದ ಹುಡುಗಿ ಇದೊಂದನ್ನು ಒಂದು ವರ್ಷ ಹೊಟ್ಟೆಯಲ್ಲಿಟ್ಟುಕೊಂಡಿದ್ದಳು.

"ಯಾಕೆ ಹೇಳ್ಲಿಲ್ಲ ಪುಟ್ಟ?"

"ತಾತ ಹೇಳ್ಲಿಲ್ಲ. ಅದಕ್ಕೆ ನಾನೂ ಹೇಳ್ಲಿಲ್ಲ. ಅಮ್ಮಾ, ಜಡೆ ಎಳೀಬೇಡ, ನೋಯುತ್ತೆ."

*

ನಾಲ್ಕನೆಯ ವಾರ ಗಂಡ ಕೆಲಸದಿಂದ ಬಂದಾಗ ಮುಖ ಸ್ವಲ್ಪ ಸಡಿಲವಾಗಿತ್ತು. ಅವನದು ಲಿಫ್ಟ್ ರಿಪೇರಿ ಮಾಡುವ ಕೆಲಸ. ಬಟ್ಟೆಗೆ, ಉಗುರಿಗೆ ಗ್ರೀಸು. ಕೈ ತೊಳೆಯುತ್ತಾ ಹೆಂಡತಿಗೆ ಹೇಳಿದ:

"ಇವತ್ತು ಸಾಹೇಬ್ರು ಏನಂದ್ರು ಗೊತ್ತಾ? ಅವರ ಹೆಂಡ್ತಿಗೆ ಆ ನಾಟಕ ನೋಡೋಕಾಗ್ದೆ ಎದ್ದು ಹೋಗ್ಬೇಕು ಅನ್ನಿಸ್ತಂತೆ. ಆಯಮ್ಮನ ತಮ್ಮ ತೀರ್ಕೊಂಡು ಇನ್ನೂ ಆರು ತಿಂಗಳು ಆಗಿಲ್ವಂತೆ. ಅಪ್ಪ ನಕ್ಕಾಗ ಬೆಚ್ಚಿಬಿದ್ದು, 'ಓ, ಇದು ನಾಟಕ, ಇದು ನಿಜ ಅಲ್ಲ' ಅಂತ ನೆನಪಾಯ್ತಂತೆ. 'ನಿಮ್ಮ ತಂದೆಗೆ ನನ್ನ ಥ್ಯಾಂಕ್ಸ್ ಹೇಳಿ ಅಂದಿದ್ದಾಳೆ' ಅಂದ್ರು. ನಾನು ನಾಲ್ಕು ವಾರದಿಂದ ಅವರ ಕಣ್ಣು ತಪ್ಪಿಸ್ಕೊಂಡು ಓಡಾಡ್ತಿದ್ದೀನಿ."

"ಹಾಗಾದ್ರೆ ಹೋಗಿ ಮಾತಾಡಿ," ಎಂದಳು ಸೊಸೆ. ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡಳು. ಎದುರಿಗೆ ನಿಂತು ಮಾತಾಡಿ ಎನ್ನಬೇಕಿತ್ತು, ಹೇಗೆ ಹೇಳುವುದು?

ಮಾವ ಕಿಟಕಿಯ ಪಕ್ಕ ಬೀದಿಯ ಕಡೆ ಮುಖ ಮಾಡಿ ಕೂತು ಬೂಟಿಗೆ ಪಾಲಿಶ್ ಹಾಕುತ್ತಿದ್ದರು. ಗಂಡ ಕೋಣೆಯ ಬಾಗಿಲಲ್ಲಿ ನಿಂತ. ತಂದೆಯ ಬೆನ್ನು ನೋಡುತ್ತಾ, ಟವೆಲಿನಿಂದ ಒಂದೊಂದೇ ಬೆರಳು ಒರೆಸುತ್ತಾ, ಬೆನ್ನಿಗಾದರೆ ಹೇಳುವುದು ಸುಲಭ ಎನ್ನಿಸಿತೇನೋ, ಶುರುಮಾಡಿದ.

"ಅಪ್ಪ, ಅವತ್ತು ನಾನು ಹಾಗೆ ಅನ್ಬಾರ್ದಿತ್ತು. ಕಲ್ಲು ಗಿಲ್ಲು ಅಂತೆಲ್ಲ... ತಪ್ಪಾಯ್ತು. ಬನ್ನಿ, ಊಟಕ್ಕೆ ನಮ್ಮ ಜೊತೇನೇ ಕೂತ್ಕೊಳ್ಳಿ."

ಬ್ರಶ್ಶು ಬೂಟಿನ ಮೇಲೆ ಅದೇ ಲಯದಲ್ಲಿ ಹೋಗಿ ಬರುತ್ತಿತ್ತು. ಮಾವ ಬೂಟನ್ನು ಬೆಳಕಿಗೆ ಹಿಡಿದು ನೋಡಿ, ಬಾಯಿಂದ ಹಬೆ ಊದಿ, ಮತ್ತೆ ಉಜ್ಜತೊಡಗಿದರು.

"ಅಪ್ಪ."

ಉಜ್ಜುವುದು ನಿಲ್ಲಲಿಲ್ಲ.

ಗಂಡನ ಮುಖ ಕೆಂಪಾಯಿತು. ತಿರುಗಿದವನೇ ಅಡುಗೆಮನೆಗೆ ಬಂದು ಟವೆಲನ್ನು ನೆಲಕ್ಕೆ ಬಿಸಾಡಿದ. "ನೋಡಿದ್ಯಾ? ನೋಡಿದ್ಯಾ ಇಲ್ವಾ? ತಪ್ಪಾಯ್ತು ಅಂದೆ. ಹುಟ್ಟಿದಾಗಿಂದ ಆ ಮಾತು ಅವರಿಗೆ ಹೇಳಿಲ್ಲ ನಾನು. ತಿರುಗಿ ಕೂಡ ನೋಡ್ಲಿಲ್ಲ! ಆಯ್ತು. ನಾಳೆ ಅಕ್ಕಂಗೆ ಫೋನ್ ಮಾಡ್ತೀನಿ. ಭಾನುವಾರ ಕರ್ಕೊಂಡು ಹೋಗಿ ಅವಳ ಮನೇಲಿ ಬಿಟ್ಟು ಬರ್ತೀನಿ. ಅಲ್ಲೇ ಇರ್ಲಿ ಮಹಾರಾಜರು."

"ರೀ, ಹಾಗನ್ಬೇಡಿ. ಒಂದು ನಿಮಿಷ ಕೂತ್ಕೊಳ್ಳಿ..." ಸೊಸೆ ಅವನ ಕಡೆ ಕುರ್ಚಿ ಎಳೆದಳು. ಕೊಟ್ಟ ಮಾತು ಒಂದು ಕಡೆ, ಭಾನುವಾರ ಇನ್ನೊಂದು ಕಡೆ. ನಡುವೆ ಮೂರೇ ದಿನ. "ಮಾವ ಬೇಕಂತ ಮಾಡಿದ್ದಲ್ಲ. ಅವರಿಗೆ..."

"ಅವರಿಗೆ ಏನು?"

ಅವಳು ಒಲೆಯ ಕಡೆ ತಿರುಗಿಕೊಂಡಳು.

ಮೇಜಿನ ಮುಂದೆ ಲೆಕ್ಕ ಬರೆಯುತ್ತಿದ್ದ ಹುಡುಗಿ ಪೆನ್ಸಿಲ್ ಕೆಳಗಿಟ್ಟಳು. "ಅಪ್ಪ, ತಾತಂಗೆ ಕೇಳ್ಸಲ್ಲ."

"ಏನು?"

"ಕೇಳ್ಸಲ್ಲ. ಬೆನ್ನ ಹಿಂದೆ ಹೇಳಿದ್ರೆ ಕೇಳ್ಸಲ್ಲ. ಎದುರಿಗೆ ಹೋಗಿ ಹೇಳು. ನಿಧಾನಕ್ಕೆ. ಗಡ್ಡ ಕೆರ್ಕೊಳ್ದೆ."

ಗಂಡ ಹೆಂಡತಿಯ ಮುಖ ನೋಡಿದ. ಅವಳು ತಲೆಯಾಡಿಸಿದಳು. ಅಷ್ಟರಲ್ಲೇ ಅವಳ ಕಣ್ಣು ತುಂಬಿತ್ತು. ಬೂಟಿನ ನಾಟಕ, ಹದಿನೆಂಟನೇ ಸಾಲು, ಅತ್ತೆಯ ಬೆರಳು, ಅಂಗಿಯ ತೋಳು ಎಲ್ಲವನ್ನೂ ನಾಲ್ಕೈದು ಮಾತಿನಲ್ಲಿ ಹೇಳಿ ಮುಗಿಸಿದಳು. ಗಂಡ ನೆಲದ ಮೇಲಿದ್ದ ಟವೆಲನ್ನು ಎತ್ತಿ ಮಡಿಸಿ ಕುರ್ಚಿಯ ಮೇಲೆ ಹಾಕಿದ. ಆಮೇಲೆ ಕೋಣೆಗೆ ಹೋದ.

ಸೊಸೆ, ಮಗಳು ಬಾಗಿಲ ಸಂದಿಯಿಂದ ನೋಡಿದರು. ಅವನು ಸುತ್ತಿ ಹೋಗಿ ಕಿಟಕಿಯ ಮುಂದೆ, ತಂದೆಯ ಎದುರಿಗೆ, ನೆಲದ ಮೇಲೆ ಕೂತ. ಪಾಲಿಶ್ ಹಾಕದ ಇನ್ನೊಂದು ಬೂಟನ್ನು ಕೈಗೆತ್ತಿಕೊಂಡ. ಮಾವ ಗಾಬರಿಯಿಂದ ಬ್ರಶ್ಶು ನಿಲ್ಲಿಸಿದರು.

"ಅಪ್ಪ, ತಪ್ಪಾಯ್ತು," ಎಂದ ಗಂಡ, ಒಂದೊಂದೇ ಅಕ್ಷರ ಬಿಡಿಸಿ. "ಕಲ್ಲು ಅಂದಿದ್ದಕ್ಕೆ."

ಮಾವ ಮಗನ ತುಟಿ ನೋಡಿದರು, ಕಣ್ಣು ನೋಡಿದರು, ಬಾಗಿಲ ಸಂದಿಯಲ್ಲಿದ್ದ ಎರಡು ಮುಖ ನೋಡಿದರು. ಎಲ್ಲ ಗೊತ್ತಾಯಿತು.

"ಟೆಲಿಗ್ರಾಂ ಬಂತಾ?"

"ಬಂತು."

"ತಡವಾಗಿ ಬಂತು." ಅವರ ದನಿ ಒಡೆಯಿತು. "ಇನ್ನು ಇವಳನ್ನ ಶಾಲೆಗೆ ಬಿಡೋದು..."

ಗಂಡ ಬೂಟಿನ ಲೇಸು ಸಡಿಲಿಸುತ್ತಾ, "ನಾಳೆ ನೋಡೋಣ," ಎಂದ.

ಆ ರಾತ್ರಿಯ ಊಟಕ್ಕೆ ನಾಲ್ವರೂ ಒಟ್ಟಿಗೆ ಕೂತರೂ ಆ ಒಂದು "ನಾಳೆ" ಐದನೆಯವರಂತೆ ಮೇಜಿನ ಮುಂದೆ ಕೂತೇ ಇತ್ತು.

ಮರುದಿನ ಬೆಳಿಗ್ಗೆ ಅವನು ಕೆಲಸಕ್ಕೆ ತಡವಾಗಿ ಹೋಗುತ್ತೇನೆಂದು ಹೇಳಿ, ತಾತ ಮೊಮ್ಮಗಳ ಹಿಂದೆ ಇಪ್ಪತ್ತು ಹೆಜ್ಜೆ ಬಿಟ್ಟು ನಡೆದ. ಸೊಸೆ ಹೊಲಿಗೆ ಮುಟ್ಟದೆ ಹೊಸ್ತಿಲಲ್ಲೇ ಕಾದಿದ್ದಳು. ಅರ್ಧ ಗಂಟೆಯ ಮೇಲೆ ಅವನೊಬ್ಬನೇ ಹಿಂತಿರುಗಿದ.

"ಏನಾಯ್ತು?"

"ಮೂರು ಸಲ ತೋಳು ಎಳೆದ್ಲು. ಒಂದು ಸೈಕಲ್ಲಿಗೆ, ಒಂದು ಲಾರಿಗೆ." ಅವನು ನಗುತ್ತಿದ್ದನೋ ಅಳುತ್ತಿದ್ದನೋ ಹೇಳುವುದು ಕಷ್ಟ. "ಒಂದು ಸಲ ಐಸ್‌ಕ್ರೀಂ ಅಂಗಡಿಗೆ."

"ಈಗ ಏನು ಮಾಡೋದು?"

"ಹಿಂದಿನ ಗಲ್ಲಿಯಿಂದ ಹೋಗ್ಲಿ. ಸಿಗ್ನಲ್ ಇರೋ ಕಡೆ ಮಾತ್ರ ದಾಟ್ಲಿ. ಹಾಗಂತ ಇಬ್ರಿಗೂ ಹೇಳಿ ಬಂದೆ. ಅಪ್ಪ ಅವಳನ್ನ ಒಳಗೆ ಬಿಟ್ಟು ಬರ್ತಾರೆ." ಸ್ವಲ್ಪ ತಡೆದು ಸೇರಿಸಿದ, "ಕೈ ಬಿಡಿಸೋಕೆ ನನಗೇನು ಹುಚ್ಚಾ?"

ಆ ದಿನ ಸೊಸೆ ಹೊಲಿದ ಅಂಚು ಒಂದೂ ಸೊಟ್ಟಗಾಗಲಿಲ್ಲ.

*

ಕಿವಿಯ ಡಾಕ್ಟರು ಒಳ್ಳೆಯ ಹೆಂಗಸು. ಮಗನಿಗೆ ಹೇಳಬೇಕಾದ್ದನ್ನೂ ತಂದೆಯ ಮುಖ ನೋಡಿಯೇ ಹೇಳಿದರು. ಕಿವಿಗೊಂದು ಮಿಷನ್ನು ಬಂತು. ಅದನ್ನು ಹಾಕಿಕೊಂಡ ಮೊದಲ ದಿನ ಮಾವ ಮನೆಯೆಲ್ಲ ಸುತ್ತಿ ದೂರು ಹೇಳಿದರು. "ಈ ಮನೇಲಿ ತಟ್ಟೆಗಳು ಇಷ್ಟು ಜೋರಾಗಿ ಜಗಳ ಆಡ್ತವಾ? ನೀವೆಲ್ಲ ಹೇಗೆ ಸಹಿಸ್ಕೋತೀರಿ?" ನಲ್ಲಿ ತೊಟ್ಟಿಕ್ಕುವುದು, ಕುರ್ಚಿ ಎಳೆಯುವುದು ಚೆನ್ನಾಗಿ ಕೇಳುತ್ತಿತ್ತು, ಮಾತು ಮಾತ್ರ ಅರ್ಧಂಬರ್ಧ. ಉಳಿದರ್ಧ ತುಟಿಯಿಂದಲೇ ಬರಬೇಕು ಎಂದರು ಡಾಕ್ಟರು.

ಮುಂದಿನ ವಾರ ಊಟದ ಬಿಡುವಿನಲ್ಲಿ ಗಂಡ ನಾಟಕಮಂದಿರದ ಟಿಕೆಟ್ ಕಿಟಕಿಗೆ ಹೋದ. ಎರಡನೇ ಸಾಲು ತುಂಬಿದೆ ಎಂದರು. ಅವನು ಒಂದಿಷ್ಟು ತಡವರಿಸಿ, ತಂದೆ ಯಾರೆಂದು ಹೇಳಿದ. ಒಳಗಿದ್ದ ವಯಸ್ಸಾದ ಗುಮಾಸ್ತ ಕನ್ನಡಕ ಹಣೆಗೇರಿಸಿ, "ಮೊಳೆ ಮೇಷ್ಟ್ರ ಮಗನಾ?" ಎಂದು ಡ್ರಾಯರು ಎಳೆದರು. ಮಾವ ಬರುವುದು ನಿಲ್ಲಿಸಿದ ಮೇಲೆ ಬಂದ ಎಂಟು ನಾಟಕದ ಪಾಸುಗಳು ರಬ್ಬರ್ ಬ್ಯಾಂಡು ಹಾಕಿಕೊಂಡು ಕೂತಿದ್ದವು. "ಅವತ್ತು ಬರ್ತಾರೆ, ಇವತ್ತು ಬರ್ತಾರೆ ಅಂತ ಎತ್ತಿಡ್ತಾನೇ ಇದ್ದೆ. ಆಟ ಶುರುವಾದ ಮೇಲೆ ನಿಂತಿರೋ ಯಾರನ್ನಾದ್ರೂ ಆ ಕುರ್ಚೀಲಿ ಕೂರಿಸ್ತಿದ್ದೆ. ತಗೊಳ್ಳಿ, ಈ ಭಾನುವಾರದ್ದು."

ಆ ಎರಡು ಪಾಸನ್ನೂ, ಮೂರನೇ ಸಾಲಿನ ಎರಡು ಟಿಕೆಟ್ಟನ್ನೂ ಮೇಜಿನ ಮೇಲಿಟ್ಟಾಗ ಮಾವ ಮುಟ್ಟಲಿಲ್ಲ.

"ಮೆಟ್ಟಿಲು ತುಳಿಯಲ್ಲ ಅಂದಿದ್ದೆ."

"ಪಕ್ಕದಲ್ಲಿ ಇಳಿಜಾರು ಕಟ್ಟಿದ್ದಾರೆ ತಾತ," ಎಂದಳು ಟೆಲಿಗ್ರಾಂ. "ಮೆಟ್ಟಿಲು ತುಳಿಯೋದೇ ಬೇಡ."

ಮಾವನಿಗೆ ನಗು ತಡೆಯಲಾಗಲಿಲ್ಲ. ಮಗನ ಕಡೆ ತಿರುಗಿ ಕೇಳಿದರು, "ಪಕ್ಕದಲ್ಲಿ ಯಾರು ಕೂರ್ತಾರೆ?"

"ನಾನು," ಎಂದ ಗಂಡ.

*

ನಾಟಕ ಒಬ್ಬ ಜಿಪುಣನದು. ಮನೆ ಬದಲಾಯಿಸುವಾಗ ಗಾಡಿಯ ಬಾಡಿಗೆ ಉಳಿಸಲು ಎಲ್ಲ ಸಾಮಾನನ್ನೂ ಮೈಮೇಲೆ ಹೊತ್ತು ಹೊರಡುತ್ತಾನೆ. ಮೂರನೇ ಸಾಲಿನಲ್ಲಿ ಮಗಳೊಡನೆ ಕೂತ ಸೊಸೆಗೆ ರಂಗಕ್ಕಿಂತ ಹೆಚ್ಚಾಗಿ ಕಂಡದ್ದು ಮುಂದಿದ್ದ ಎರಡು ತಲೆಗಳು, ಒಂದು ಬಿಳಿ, ಒಂದು ಕಪ್ಪು. ಕುರ್ಚಿಗಳ ಸಂದಿಯಲ್ಲಿ ತಂದೆಯ ಮೊಣಕಾಲು, ಅದರ ಪಕ್ಕ ಗ್ರೀಸು ಪೂರ್ತಿ ಹೋಗದ ಮಗನ ಕೈ.

ಪರದೆ ಎದ್ದಾಗ ಆ ಕೈ ಬಿಗಿಯಾಗಿ ಮುಷ್ಟಿ ಕಟ್ಟಿಕೊಂಡಿತ್ತು. ಹೊಸ ಕೆಲಸಕ್ಕೆ ಸೇರಿದವನ ಹಾಗೆ ಗಂಡ ಮುಂದಕ್ಕೆ ಬಾಗಿ ಕೂತಿದ್ದ. ಕೆಮ್ಮು, ಕಾಗದದ ಪರಪರ ಸದ್ದು ಕಿವಿಗೆ ತುಂಬಿತೇನೋ, ಮಾವ ಒಂದೆರಡು ಸಲ ಮಿಷನ್ನು ಸರಿಮಾಡಿಕೊಂಡರು. ಜಿಪುಣ ತಲೆಯ ಮೇಲೆ ಕುರ್ಚಿ, ಬೆನ್ನ ಮೇಲೆ ಹಾಸಿಗೆ, ಕತ್ತಿಗೆ ಗಡಿಯಾರ ಕಟ್ಟಿಕೊಂಡು ಬಂದು ನಿಂತ. ಹೆಂಡತಿ, "ಇನ್ನೇನು ಬಾಕಿ ಉಳೀತು?" ಎಂದು ಕೇಳಿದಳು. ಜಿಪುಣ ಅವಳನ್ನೇ ನೋಡುತ್ತಾ ಉತ್ತರಕ್ಕೆ ಬಾಯಿ ತೆರೆದ.

ಗಂಡನಿಗೆ ತಡೆಯಲಾಗಲಿಲ್ಲ. ತಟ್ಟಿಬಿಟ್ಟ. ಒಂದು.

"ಹೋ ಹೋ ಹೋ!"

ಮಾವನ ನಗು ಇಡೀ ಹಾಲಿನಲ್ಲಿ ಒಂಟಿಯಾಗಿ ಮೊಳಗಿತು. ಜಿಪುಣ ಇನ್ನೂ ಉತ್ತರ ಹೇಳಿಯೇ ಇರಲಿಲ್ಲ. ತಲೆಗಳು ತಿರುಗಿದವು. ಗಂಡನ ಕಿವಿ ಹಿಂದಿನಿಂದಲೂ ಕೆಂಪಗೆ ಕಂಡಿತು.

ಜಿಪುಣನ ಪಾತ್ರಧಾರಿ ಕುರ್ಚಿ, ಹಾಸಿಗೆ, ಗಡಿಯಾರದ ಸಮೇತ ಎರಡನೇ ಸಾಲಿನ ಕಡೆ ನಿಧಾನವಾಗಿ ತಿರುಗಿದ. ಕಣ್ಣು ಚಿಕ್ಕದು ಮಾಡಿ ನೋಡಿದ. ಆಮೇಲೆ ಸಭೆಗೆಲ್ಲ ಹೇಳಿದ:

"ಈ ಯಜಮಾನರಿಗೆ ಆಗ್ಲೇ ಅರ್ಥ ಆಗಿದೆ. ಉಳಿದವರಿಗೋಸ್ಕರ ಈಗ ಹೇಳ್ತೀನಿ." ಹೆಂಡತಿಯ ಕಡೆ ತಿರುಗಿದ. "ಬಾಕಿ ನೀನೊಬ್ಬಳೇ ಕಣೇ. ಬಾ, ಹತ್ತು ಹೆಗಲಿಗೆ!"

ಹಾಲು ಬಿದ್ದು ಬಿದ್ದು ನಕ್ಕಿತು. ಪಾತ್ರಧಾರಿ ಮಾವನಿಗೆ ಮಾತ್ರ ಕಾಣುವಂತೆ ತಲೆ ಬಾಗಿಸಿದ. ಮಾವ ಕೈ ಎತ್ತಿದರು. ಗಂಡನ ಕೈ ಮೊಣಕಾಲಿನ ಮೇಲೆ ಹಾಗೇ ಉಳಿದಿತ್ತು, ಮುಷ್ಟಿ ಬಿಚ್ಚಿತ್ತು. ಆಮೇಲೆ ಆಟ ಮುಗಿಯುವವರೆಗೂ ಅದು ಅಲ್ಲಿಂದ ಕದಲಲಿಲ್ಲ.

ಹಿಂದಿರುಗುವ ಬಸ್ಸಿನಲ್ಲಿ ಎದುರುಬದುರು ಸೀಟು ಸಿಕ್ಕಿತು. ಇಂಜಿನ್ನಿನ ಸದ್ದು ಅಚ್ಚುಕೂಟದ ಹಾಗಿದೆ ಎಂದು ಮಾವ ಕಿವಿಯ ಮಿಷನ್ನು ತೆಗೆದು ಜೇಬಿಗೆ ಹಾಕಿಕೊಂಡರು. ಚೀಲದಿಂದ ಹುರಿದ ಕಡಲೆಕಾಯಿ ತೆಗೆದು ಎಲ್ಲರ ಕೈಗೂ ಹಾಕಿದರು.

"ನಿಮ್ಮಮ್ಮ ಇಷ್ಟು ಅವಸರ ಮಾಡ್ತಿರ್ಲಿಲ್ಲ," ಎಂದರು ಮಗನಿಗೆ.

"ಅಮ್ಮಂಗೆ ವರ್ಷಗಟ್ಟಲೆ ಅಭ್ಯಾಸ. ನನಗೆ ಇವತ್ತೇ ಮೊದಲು."

"ಅಭ್ಯಾಸ ಆಗ್ಬೇಕಾದ್ರೆ ಬರೋ ತಿಂಗಳೂ ಹೋಗ್ಬೇಕಾಗುತ್ತೆ."

"ಹೋಗೋಣ."

"ಆ ಜಿಪುಣನ ಹೆಂಡ್ತಿ ಕೊನೇಲಿ ಬಿಟ್ಟು ಹೋಗಿದ್ದು ಸರಿ ಅಲ್ಲ," ಎಂದಳು ಟೆಲಿಗ್ರಾಂ.

"ಸರಿಯಾಗೇ ಮಾಡಿದ್ಲು," ಎಂದಳು ಸೊಸೆ.

"ಏನು ಸ‌ರಿ? ಗಡಿಯಾರ ಯಾರಿಗೆ ಸೇರ್ಬೇಕು ಹಾಗಾದ್ರೆ?" ಗಂಡ ಕೇಳಿದ. ಮೂವರೂ ಒಟ್ಟಿಗೆ ಮಾತಿಗೆ ಬಿದ್ದರು. ಮಾವ ಒಂದು ತುಟಿಯಿಂದ ಇನ್ನೊಂದಕ್ಕೆ ಕಣ್ಣು ಓಡಿಸಿ ಸೋತು, "ಒಬ್ಬೊಬ್ರಾಗಿ! ಒಬ್ಬೊಬ್ರಾಗಿ!" ಎಂದು ಕೂಗಿದರು. ಬಸ್ಸಿನವರೆಲ್ಲ ನೋಡಿದರು. ಗಂಡ ತಲೆ ತಗ್ಗಿಸಲಿಲ್ಲ.

ಅಷ್ಟರಲ್ಲಿ ಕಂಡಕ್ಟರ್ ಮಾವನ ಬೆನ್ನ ಹಿಂದೆ ಬಂದು ನಿಂತು, "ಟಿಕೆಟ್," ಎಂದ. ಅವರು ಕಡಲೆಕಾಯಿ ಸುಲಿಯುತ್ತಲೇ ಇದ್ದರು. ಎರಡನೆಯ ಸಲ ಕಂಡಕ್ಟರ್ ಬಾಯಿ ತೆರೆಯುವ ಮೊದಲೇ ಮೂರು ಕಡೆಯಿಂದ ಮೂರು ಕೈ ಬಂದು ಅವರ ಮೊಣಕಾಲು ತಟ್ಟಿದವು.

ಮಾವ ಬೆಚ್ಚಿ ಮೂವರನ್ನೂ ನೋಡಿದರು.

"ಒಂದು ಅಂದ್ರೆ ನಗು. ಎರಡು ಅಂದ್ರೆ ಸುಮ್ನಿರು," ಎಂದರು. "ಮೂರು ಅಂದ್ರೆ ಏನ್ರಪ್ಪ?"

"ಟಿಕೆಟ್ ತಗೋ ತಾತ," ಎಂದಳು ಟೆಲಿಗ್ರಾಂ, ಒಂದೊಂದೇ ಅಕ್ಷರ ಬಿಡಿಸಿ.